ಗುಂಡು ತಾಗದವನಿಗೆ ಧೈರ್ಯ ಯಾಕೆ ಬೇಕು?

ನಿದ್ದೆಗೇಡಿ:
ನನಗೂ ನನ್ನ ತಮ್ಮನಿಗೂ ಒಂದು ಜಗಳ ಮುಗಿಯುತ್ತಲೇ ಇಲ್ಲ. ಅವನಿಗೆ ಸೂಪರ್‌ಮ್ಯಾನ್ ಅಂದರೆ ಪ್ರಾಣ. ನನ್ನ ತಕರಾರು ಇಷ್ಟೇ. ಹೊಡೆದ ಗುಂಡು ತನಗೇನೂ ಮಾಡಲ್ಲ ಅಂತ ಮೊದಲೇ ಗೊತ್ತಿರುವವನು ಬಂದೂಕಿನ ಮುಂದೆ ನಿಂತರೆ ಅದರಲ್ಲಿ ಧೈರ್ಯ ಎಲ್ಲಿದೆ? ರೇನ್‌ಕೋಟ್ ಹಾಕಿಕೊಂಡು ಮಳೆಗೆ ಹೆದರಲ್ಲ ಅಂದ ಹಾಗಾಯಿತು. ಕಥೆ ಬರೆಯುವವರಿಗೂ ಈ ಕಷ್ಟ ತಟ್ಟಿರಬೇಕು. 1938ರಲ್ಲಿ ಕಾಮಿಕ್ಸ್‌ನಲ್ಲಿ ಹುಟ್ಟಿದವನಿಗೆ 1943ರ ರೇಡಿಯೊ ಧಾರಾವಾಹಿಯಲ್ಲಿ ಕ್ರಿಪ್ಟೊನೈಟ್ ಬಂತು, ಅವನ ಬಲ ಉಡುಗಿಸುವ ಕಲ್ಲು. ಸೋಲುವ ದಾರಿಯೇ ಇಲ್ಲದವನ ಕಥೆ ಎಷ್ಟು ದಿನ ಓಡುತ್ತದೆ?

ನನ್ನ ಹೀರೊ ಲಾರ್ಡ್ ಆಫ್ ದ ರಿಂಗ್ಸ್ ಕಥೆಯ ಫ್ರೋಡೊ. ಮಗುವಿನಷ್ಟು ಎತ್ತರದ ಆಳು, ಯುದ್ಧ ಕಲಿತವನಲ್ಲ. ಆದರೂ ಕೇಡಿನ ಆ ಮಾಯಾ ಉಂಗುರವನ್ನು ಬೆಂಕಿಗೆ ಎಸೆದು ನಾಶ ಮಾಡಲು ಹೊತ್ತುಕೊಂಡು ಬೆಂಕಿಯ ಬೆಟ್ಟದ ತನಕ ಹೋದ. ತಮ್ಮ ಇದನ್ನು ಕೇಳಿ ನಗುತ್ತಾನೆ. ಬಲ ಬೇರೆ, ವೀರತನ ಬೇರೆ ಅಂತ ನಿಮಗೂ ಅನ್ನಿಸುತ್ತದಾ?

ಒರಟು ಕೈ:
ನಾನು ನಿಮ್ಮ ತಮ್ಮನ ಪಕ್ಷ. ಸೂಪರ್‌ಮ್ಯಾನ್‌ಗೆ ಬಂದೂಕು ಪರೀಕ್ಷೆಯೇ ಅಲ್ಲ. ಗುರುತು ಮರೆಸಿ ಕನ್ನಡಕ ಹಾಕಿಕೊಂಡು, ಪತ್ರಿಕೆಯ ಆಫೀಸಿನಲ್ಲಿ ಪುಕ್ಕಲ ಅನ್ನಿಸಿಕೊಂಡು ಕೂರುತ್ತಾನಲ್ಲ, ಪರೀಕ್ಷೆ ಅಲ್ಲಿದೆ. ನಮ್ಮ ಭೀಮನನ್ನೇ ನೋಡಿ. ಜೂಜಿನ ಸಭೆಯಲ್ಲಿ ಧರ್ಮರಾಯನ ಕೈ ಸುಡಬೇಕು, ಬೆಂಕಿ ತಾ ಅಂತ ಸಹದೇವನಿಗೆ ಹೇಳುತ್ತಾನೆ. ಅರ್ಜುನ ತಡೆದ ಮೇಲೆ ಸುಮ್ಮನಾಗುತ್ತಾನೆ. ಅಷ್ಟು ಬಲ ಇದ್ದವನು ಹಲ್ಲು ಕಚ್ಚಿ ಕೂರುವುದು ಸುಲಭ ಅಲ್ಲ ಸ್ವಾಮಿ.

ಹಳೇ ಪುಸ್ತಕ:
ಅದೇ ಸಭೆಯಲ್ಲಿ ಭೀಷ್ಮರೂ ಕೂತೇ ಇದ್ದರಲ್ಲ. ಅದನ್ನೂ ವೀರತನ ಅನ್ನೋಣವಾ? ದ್ರೌಪದಿ ಕೇಳಿದ ಪ್ರಶ್ನೆಗೆ ಅವರು ಧರ್ಮ ಸೂಕ್ಷ್ಮ ಅಂದುಬಿಟ್ಟರು. ಇದು ಅನ್ಯಾಯ ಅಂತ ಎದ್ದು ನಿಂತವನು ವಿಕರ್ಣ. ದುರ್ಯೋಧನನ ಸ್ವಂತ ತಮ್ಮ. ನೀನಿನ್ನೂ ಹುಡುಗ ಅಂತ ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಆ ಸಭೆಯಲ್ಲಿ ಬಿಲ್ಲು, ಗದೆ ಹಿಡಿಯುವ ದೊಡ್ಡ ದೊಡ್ಡವರೆಲ್ಲ ಇದ್ದರು. ಬಾಯಿ ಬಿಟ್ಟಿದ್ದು ಈ ಹುಡುಗ. ಮುಂದೆ ಯುದ್ಧದಲ್ಲಿ ಅವನನ್ನು ಕೊಂದ ಭೀಮನೇ ಅವನಿಗಾಗಿ ಮರುಗುತ್ತಾನೆ.

ಇನ್ನೊಂದು ಮಾತು. ಬಲಶಾಲಿಯೇ ನಾಯಕ ಅಂತ ಕವಿ ತೀರ್ಮಾನಿಸಿದರೂ ಕಾವ್ಯ ಅವನ ಮಾತು ಕೇಳಬೇಕಲ್ಲ! ರನ್ನನ ಗದಾಯುದ್ಧಕ್ಕೆ ಸಾಹಸಭೀಮವಿಜಯ ಅಂತಲೇ ಇನ್ನೊಂದು ಹೆಸರು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನ ಜೊತೆ ಇಟ್ಟು ಬರೆದ ಕಾವ್ಯ ಅದು. ಆದರೆ ಓದಿದವರ ಮನಸ್ಸಿಗೆ ಅಂಟಿಕೊಳ್ಳುವವನು ದುರ್ಯೋಧನ. ಹೆಣಗಳ ನಡುವೆ ಸಂಜಯನ ಜೊತೆ ನಡೆಯುತ್ತಾನೆ. ಶತ್ರುವಿನ ಮಗ ಅಭಿಮನ್ಯು ಸತ್ತು ಬಿದ್ದಿದ್ದಾನೆ. ಅವನನ್ನು ಹೊಗಳಿ, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ ಅನ್ನುತ್ತಾನೆ. ಮುಂದೆ ಕೊಳದ ನೀರಿನೊಳಗೆ ಅಡಗಿದ್ದಾಗ ಭೀಮನ ಆರ್ಭಟ ಕೇಳಿ ನೀರಲ್ಲೇ ಬೆವರುತ್ತಾನೆ. ಭಯಕ್ಕಲ್ಲ, ರೋಷಕ್ಕೆ. ಅವನು ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ, ಸಭೆಯಲ್ಲಿ ಮಾಡಿದ್ದು ಮಾಡಿದ್ದೇ. ಆದರೆ ಗೆಲ್ಲುವ ಭೀಮನಿಗಿಂತ ಸೋಲಲಿರುವ ಇವನ ಮೇಲೆ ರನ್ನನ ಕಣ್ಣು ಜಾಸ್ತಿ ಹೊತ್ತು ನಿಲ್ಲುತ್ತದೆ.

ಕಡೇ ಪುಟ:
ನಿದ್ದೆಗೇಡಿ ಅವರೇ, ನಿಮ್ಮ ಫ್ರೋಡೊ ಕೊನೆಗೆ ಉಂಗುರ ಎಸೆಯಲೇ ಇಲ್ಲ, ನೆನಪಿದೆ ಅಲ್ವಾ? ಇದು ನನ್ನದು ಅಂತ ಹಾಕಿಕೊಂಡುಬಿಟ್ಟ. ಆ ಉಂಗುರಕ್ಕಾಗಿ ಹಿಂದೆ ಬಿದ್ದಿದ್ದ ಗೊಲ್ಲಮ್ ಅವನ ಬೆರಳು ಕಚ್ಚಿ ಕಿತ್ತುಕೊಂಡು ಬೆಂಕಿಗೆ ಬಿದ್ದಿದ್ದಕ್ಕೆ ಕೆಲಸ ಆಯಿತು. ಬೆಟ್ಟದ ಮೇಲೆ ಫ್ರೋಡೊನನ್ನು ಬೆನ್ನ ಮೇಲೆ ಹೊತ್ತವನು ಅವನ ಜೊತೆಗಾರ ಸ್ಯಾಮ್, ಒಬ್ಬ ತೋಟದ ಮಾಲಿ. ನನ್ನ ವೋಟು ಅವನಿಗೆ.

ನಿದ್ದೆಗೇಡಿ:
ಕಡೇ ಪುಟ, ಚೆನ್ನಾಗಿ ನೆನಪಿದೆ. ಫ್ರೋಡೊ ಇಷ್ಟವಾಗಿದ್ದೇ ಅದಕ್ಕೆ. ಆ ಜಾಗಕ್ಕೆ ಹೋದ ಮೇಲೆ ಉಂಗುರ ಬಿಡುವ ಶಕ್ತಿ ಯಾರಿಗೆ ಉಳಿದಿರುತ್ತಿತ್ತು? ಸ್ಯಾಮ್ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ.

ತಮ್ಮನಿಗೆ ಇದೆಲ್ಲ ಓದಿಸಿದೆ. ಒರಟು ಕೈ ಬರೆದ ಭಾಗ ಮಾತ್ರ ಜೋರಾಗಿ ಓದಿ ಹೇಳಿದ, ಕಳ್ಳ.

ಹಳೇ ಪುಸ್ತಕ ಅವರಿಗೆ ಒಂದು ಪ್ರಶ್ನೆ. ವಿಕರ್ಣ ಅಷ್ಟೆಲ್ಲ ಮಾತಾಡಿಯೂ ಯುದ್ಧದಲ್ಲಿ ಅಣ್ಣನ ಪಕ್ಷದಲ್ಲೇ ನಿಂತ. ಧೃತರಾಷ್ಟ್ರನ ಇನ್ನೊಬ್ಬ ಮಗ ಯುಯುತ್ಸು ಪಾಂಡವರ ಕಡೆ ಹೋದ. ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ಗುಂಡಿಗೆ ಬೇಕಾಗಿತ್ತು?