ಅಪ್‌ಡೇಟ್: ಬಿ.ಕಾಂ ಮುಗಿಸಿದ ತಂಗಿಗೆ ದಾರಿ ಸಿಕ್ಕಿತು

ಕಾಸರಗೋಡಿನಲ್ಲಿ ಬಿ.ಕಾಂ ಮುಗಿಸಿದ ತಂಗಿಗೆ ಸರ್ಕಾರಿ ಕೆಲಸಕ್ಕೆ ಕೇರಳ ಪಿಎಸ್‌ಸಿ ನಡೆಸುವ ಪರೀಕ್ಷೆ ಬಿಟ್ಟರೆ ಬೇರೆ ದಾರಿ ಇದೆಯಾ ಅಂತ ಕೇಳಿದ್ದೆ. ಅಪ್ರೆಂಟಿಸ್‌ಶಿಪ್ (ಕಂಪನಿಯಲ್ಲೇ ಕೆಲಸ ಮಾಡುತ್ತಾ ಕಲಿಯುವ ತರಬೇತಿ) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಇದು ಇಂಜಿನಿಯರಿಂಗ್ ಮಕ್ಕಳಿಗೆ ಮಾತ್ರ ಅಲ್ಲ, ಬಿ.ಎ., ಬಿ.ಕಾಂ ಆದವರಿಗೂ ಇದೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಯೋಜನೆಯಾದ ಎನ್‌ಎಟಿಎಸ್‌ನ ಪೋರ್ಟಲ್‌ನಲ್ಲಿ ಹೆಸರು ಹಾಕಿ, ಈಗ ಮಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿದ್ದಾಳೆ. ಒಂದು ವರ್ಷದ ತರಬೇತಿ. ತರಬೇತಿ ವೇಳೆ ಕೊಡುವ ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧ ಕೇಂದ್ರ ಸರ್ಕಾರ ಕೊಡುತ್ತದೆ.

ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ (ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಯಾರಾಗುವ ಪಟ್ಟಿ) ಜೊತೆ ತಾಳೆ ನೋಡುವುದು ಅವಳ ಕೆಲಸ. ಮೊನ್ನೆ ಒಂದು ಬಿಲ್ಲಿನ ಜಿಎಸ್‌ಟಿ ನಂಬರಿನಲ್ಲಿ ಒಂದೇ ಒಂದು ಅಂಕೆ ತಪ್ಪಿದ್ದನ್ನು ಅವಳೇ ಹಿಡಿದಳು. ನನಗಂತೂ ಹೆಮ್ಮೆ.

ಪಿಎಸ್‌ಸಿ ಕೈಬಿಟ್ಟಿಲ್ಲ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಅಂತಲೇ ಹುದ್ದೆ ಕರೆಯುತ್ತಾರಲ್ವಾ, ಅದಕ್ಕೆ ರೈಲಿನಲ್ಲೇ ಓದುತ್ತಾಳೆ. ಅವಳ ಇಬ್ಬರು ಗೆಳತಿಯರೂ ಪೋರ್ಟಲ್‌ನಲ್ಲಿ ಹೆಸರು ಹಾಕಿದ್ದಾರೆ. ಅವರದ್ದು ಏನಾಯಿತು ಅಂತ ಮುಂದೆ ಬರೆಯುತ್ತೇನೆ.