ಲಿನಕ್ಸ್ ಹಾಕಿದ ಮೇಲೆ ನಾವೇ ನೋಡಿಕೊಳ್ಳಬೇಕಾ, ಯಾರನ್ನಾದರೂ ಕರೆಯಬೇಕಾ?

ಕೇಳಿದವರು: ಪಿ.ಜೆ. ಬಡಾವಣೆ, ದಾವಣಗೆರೆ

ನನ್ನದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತಲ್ಲ, ನನ್ನ ಹಳೇ ಕಂಪ್ಯೂಟರ್‌ಗೆ 11 ಹತ್ತುವುದಿಲ್ಲ. ತಂಗಿ ಮಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಎಲ್ಲದಕ್ಕೂ ಅವನಿಗೇ ಫೋನ್ ಮಾಡಲು ಸಂಕೋಚ. ನಾನೇ ಕಲಿಯಲಾ, ದುಡ್ಡು ಕೊಟ್ಟು ಯಾರನ್ನಾದರೂ ಗೊತ್ತು ಮಾಡಿಕೊಳ್ಳಲಾ?

ವಿದ್ಯಾನಗರದಿಂದ (ಕಾಲೇಜು ಲ್ಯಾಬ್ ನೋಡಿಕೊಳ್ಳುವವನು)

ಅಣ್ಣಾ, ಕೆಟ್ಟರೆ ಹಿಂದಕ್ಕೆ ತರಲು ಆಗುವ ಕೆಲಸ ನೀವೇ ಮಾಡಿ. ಹಿಂದಕ್ಕೆ ತರಲು ಆಗದ್ದಕ್ಕೆ ಗೊತ್ತಿರುವವರು ಪಕ್ಕದಲ್ಲಿರಲಿ. ನಾನು ನಮ್ಮ ಹುಡುಗರಿಗೂ ಇದನ್ನೇ ಹೇಳುವುದು.

ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಅಂತ ಇದೆ. ಅಪ್‌ಡೇಟ್ ಹಾಕುವ ಮೊದಲು ಅದರಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಂ ಆಗ ಹೇಗಿತ್ತೋ ಅದರ ನಕಲು, ತೆಗೆದಿಡಿ. ಅಪ್‌ಡೇಟ್ ಆದ ಮೇಲೆ ಡೆಸ್ಕ್‌ಟಾಪ್ ಬರಲಿಲ್ಲ ಅಂದುಕೊಳ್ಳಿ, ಮಿಂಟ್ ಹಾಕಲು ಬಳಸುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಳೆಯ ಸ್ಥಿತಿಗೆ ತರಬಹುದು. ಒಂದು ಎಚ್ಚರ: ಅದು ಉಳಿಸುವುದು ಸಿಸ್ಟಂ ಫೈಲ್‌ಗಳನ್ನು ಮಾತ್ರ. ಗಿರಾಕಿಗಳ ಲಗ್ನಪತ್ರಿಕೆ, ಅರ್ಜಿ ಇವೆಲ್ಲ ಹೋಮ್ ಫೋಲ್ಡರ್‌ನಲ್ಲಿರುತ್ತವೆ. ನೀವಾಗಿ ಸೇರಿಸದಿದ್ದರೆ ಟೈಮ್‌ಶಿಫ್ಟ್ ಅವನ್ನು ಮುಟ್ಟುವುದಿಲ್ಲ. ಅದಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು.

ಪಾರ್ಟಿಷನ್ ಹಿಗ್ಗಿಸುವುದು, ಡಿಸ್ಕ್ ಫಾರ್ಮ್ಯಾಟ್, ಡಿಡಿ ಕಮಾಂಡ್ (ಡಿಸ್ಕ್ ಮೇಲೆ ನೇರವಾಗಿ ಬರೆಯುವಂಥದ್ದು) ಇವುಗಳ ಹತ್ತಿರ ಒಬ್ಬರೇ ಹೋಗಬೇಡಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಹೆಸರಲ್ಲಿ ಎಸ್‌ಡಿಎ ಬದಲು ಎಸ್‌ಡಿಬಿ ಅಂತ ಒಂದಕ್ಷರ ಬೇರೆಯಾದರೆ ಇನ್ನೊಂದು ಡಿಸ್ಕ್ ಅಳಿಸಿಹೋಗುತ್ತದೆ. ಖಚಿತಾನಾ ಅಂತ ಕೂಡ ಅದು ಕೇಳುವುದಿಲ್ಲ.

ಮಂಡಿಪೇಟೆಯಿಂದ

ಇವರು ಹೇಳಿದ್ದು ಸರಿ, ಆದರೆ ಇವರಿಗೆ ತಿಂಗಳ ಸಂಬಳ ಬರುತ್ತದೆ! ಕೌಂಟರ್ ಮುಂದೆ ಜನ ಅರ್ಜಿ ಹಿಡಿದು ನಿಂತಿರುವಾಗ ಯಾರು ಮ್ಯಾನ್ ಪೇಜ್ (ಕಮಾಂಡ್‌ಗಳ ಕೈಪಿಡಿ) ಓದುತ್ತಾ ಕೂರುತ್ತಾರೆ? ಪ್ರಿಂಟರ್ ಸಿಕ್ಕಿಹಾಕಿಕೊಳ್ಳುವುದೊಂದನ್ನು ಮಾತ್ರ ಕಲಿತಿಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಅಂತ ಹೊಡೆದರೆ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್‌ನ ಪುಟ ತೆರೆಯುತ್ತದೆ. ಪ್ರಿಂಟರ್ ‘ಪಾಸ್ಡ್’ (ತಡೆದು ನಿಂತಿದೆ) ಅಂತಿದ್ದರೆ ರೆಸ್ಯೂಮ್, ಹಳೇ ಜಾಬ್ ಅಡ್ಡ ಕೂತಿದ್ದರೆ ಕ್ಯಾನ್ಸಲ್. ಜಾಸ್ತಿ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಉಳಿದದ್ದಕ್ಕೆ ದುಡ್ಡು ಕೊಡಿ, ತಪ್ಪೇನಿಲ್ಲ. ಆದರೆ ಕರೆಯುವ ಮೊದಲೇ ‘ಲಿನಕ್ಸ್ ಗೊತ್ತಾ?’ ಅಂತ ಕೇಳಿ. ಇಲ್ಲದಿದ್ದರೆ ಬಂದವರು ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕುತ್ತೇನೆ ಅಂತ ಕೂರುತ್ತಾರೆ. ರಿಪೇರಿ ಆದ ಮೇಲೆ ಟರ್ಮಿನಲ್‌ನಲ್ಲಿ ‘ಹಿಸ್ಟರಿ’ ಕಮಾಂಡ್ ಕೊಟ್ಟರೆ ಅವರು ಹೊಡೆದ ಕಮಾಂಡ್‌ಗಳು ಸಾಲಾಗಿ ಬರುತ್ತವೆ. ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಆಗಿ ಲಾಗಿನ್ ಮಾಡಿ ಕೆಲಸ ಮಾಡಿದ್ದರೆ ಅದು ಬೇರೆ ಕಡೆ ಇರುತ್ತದೆ, ಅವರನ್ನೇ ಕೇಳಿ ತೆಗೆಸಿ. ನಾನು ಅದನ್ನು ಸಾಲದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. ಅದೇ ತೊಂದರೆ ಮತ್ತೆ ಬಂದರೆ ಮತ್ತೆ ದುಡ್ಡು ಕೊಡುವುದು ಯಾಕೆ?

ಚಿತ್ರದುರ್ಗದಿಂದ (ಹೈಸ್ಕೂಲ್ ಟೀಚರ್)

ಫೋನ್ ಮಾಡಲು ಸಂಕೋಚ ಬೇಡ ಸರ್. ‘ಕಂಪ್ಯೂಟರ್ ಹಾಳಾಗಿದೆ’ ಅಂತ ಸುಮ್ನೆ ಹೇಳಿದರೆ ಆ ಹುಡುಗ ಏನು ಮಾಡಬೇಕು? ಮಿಂಟ್‌ನ ಸಿಸ್ಟಂ ರಿಪೋರ್ಟ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ಇರುತ್ತದೆ, ಅದನ್ನು ಕಾಪಿ ಮಾಡಿ ಕಳಿಸಿ. ಎರರ್ ಏನು ಬಂತು, ಅದಕ್ಕೂ ಮುಂಚೆ ಏನು ಮಾಡಿದಿರಿ, ಇದಿಷ್ಟು ಬರೆದರೆ ಅರ್ಧ ಗಂಟೆಯ ಮಾತು ಎರಡು ನಿಮಿಷಕ್ಕೆ ಇಳಿಯುತ್ತದೆ.

ಕನ್ನಡ ಟೈಪಿಂಗ್‌ಗಂತೂ ಯಾರೂ ಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಕಗಪ ಅನ್ನುವ ಕೀಲಿ ವಿನ್ಯಾಸ ಇದೆ. ನುಡಿಯ ಹಳೇ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಗಾಬರಿಯಾಗಬೇಡಿ, ಅದು ಯೂನಿಕೋಡ್ (ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಹಾಕಿದರೆ ಓದಬಹುದು, ತಿದ್ದಬೇಕಾದರೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಕಪ್ಸ್ ಪುಟ ಸಿಕ್ಕಿತು. ಟೈಮ್‌ಶಿಫ್ಟ್ ಎಲ್ಲಿ ಉಳಿಸಲಿ ಅಂತ ಕೇಳುತ್ತಿದೆ. ನನ್ನ ಎಕ್ಸ್‌ಟರ್ನಲ್ ಡಿಸ್ಕ್ ಆ ಪಟ್ಟಿಯಲ್ಲಿದೆ, ಆದರೆ ಒತ್ತಿದರೆ ಆಗಲ್ಲ ಅನ್ನುತ್ತದೆ.

ವಿದ್ಯಾನಗರದಿಂದ

ಆ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಇದೆ ಅನ್ನಿಸುತ್ತದೆ ಅಣ್ಣಾ, ಟೈಮ್‌ಶಿಫ್ಟ್‌ಗೆ ಇಎಕ್ಸ್‌ಟಿ4 ಥರದ ಲಿನಕ್ಸ್ ಪಾರ್ಟಿಷನ್ನೇ ಬೇಕು. ಸದ್ಯಕ್ಕೆ ಒಳಗಿನ ಡಿಸ್ಕನ್ನೇ ಆರಿಸಿ. ಎಕ್ಸ್‌ಟರ್ನಲ್‌ನಲ್ಲಿ ಫೈಲ್‌ಗಳಿದ್ದರೆ ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ, ನಾನು ಸಂಜೆ ಕಾಲೇಜು ಬಿಟ್ಟ ಮೇಲೆ ಅಂಗಡಿ ಕಡೆ ಬರುತ್ತೇನೆ.