ಸಹಾಯ ಬೇಕು: ಸ್ವಾಹಿಲಿ ಕರಾವಳಿಯ ಪಾಠ ಎಲ್ಲಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಎಂ.ಎ. ಇತಿಹಾಸದ ಮಕ್ಕಳಿಗೆ ಪೂರ್ವ ಆಫ್ರಿಕಾದ ಸ್ವಾಹಿಲಿ ಸಮಾಜದ ಪಾಠ ಮಾಡ್ತಿದ್ದೀನಿ. 1331ರಲ್ಲಿ ಅಲ್ಲಿನ ಬಂದರು ಪಟ್ಟಣ ಕಿಲ್ವಾ ನೋಡಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಆಮೇಲೆ ನಮ್ಮ ಹೊನ್ನಾವರಕ್ಕೂ ಬಂದಿದ್ದನಲ್ಲ, ಅಲ್ಲಿಂದಲೇ ಶುರು ಮಾಡಿದೆ. ಮುಂಗಾರು ಗಾಳಿ, ಹಾಯಿಹಡಗು, ಚಿನ್ನ, ದಂತ, ಗುಜರಾತಿನ ಬಟ್ಟೆ... ಕ್ಲಾಸು ಚೆನ್ನಾಗೇ ಹೋಯ್ತು. ಆದರೆ ಟೆಸ್ಟಲ್ಲಿ ಮುಕ್ಕಾಲು ಮಂದಿ ಬರೆದಿದ್ದು, ಕಿಲ್ವಾದಂಥ ಹವಳದ ಕಲ್ಲಿನ ಪಟ್ಟಣಗಳನ್ನ ಕಟ್ಟಿದ್ದೇ ಅರಬ್ಬರು ಅಂತ! ಅಲ್ಲಿನ ಆಫ್ರಿಕನ್ ಜನರೇ ಬೆಳೆಸಿದ ಊರುಗಳು, ಸ್ವಾಹಿಲಿ ಭಾಷೆಯೂ ಆಫ್ರಿಕಾದ್ದೇ ಆದ ಬಂಟೂ ಭಾಷಾ ಕುಟುಂಬದ್ದು ಅಂದ್ರೆ ತಲೆಗೆ ಹೋಗ್ತಿಲ್ಲ. ನಕ್ಷೆ, ಅದೇ ಕರಾವಳಿಯ ಲಾಮು ಪಟ್ಟಣದ ವಿಡಿಯೊ ಎಲ್ಲ ತೋರಿಸಾಯ್ತು. ವ್ಯಾಪಾರ ಬಿಟ್ಟು ಮೀನುಗಾರರು, ರೈತರ ಬದುಕಿಂದ ಹೊರಟರೆ ಹುಡುಗರು ಮೊಬೈಲ್ ಹಿಡೀತಾರೆ. ಆಫ್ರಿಕಾ ಚರಿತ್ರೆ ಪಾಠ ಮಾಡಿದವರು ದಯವಿಟ್ಟು ಹೇಳಿ: ಮೊದಲ ಕ್ಲಾಸಿಗೆ ವ್ಯಾಪಾರ ಇಡಲೋ, ಊರಿನವರ ಬದುಕು ಇಡಲೋ?